ದಂಡಿಗಿಂತ ಹಳೆಯ ಹಲಸೂರು

ಎಂ.ಜಿ. ರಸ್ತೆಯಿಂದ ಪೂರ್ವಕ್ಕೆ ಟ್ರಿನಿಟಿ ವೃತ್ತ ದಾಟಿದರೆ ಬೆಂಗಳೂರಿನ ಚಹರೆಯೇ ಬೇರೆ. ಹಲಸೂರಿನ ಓಣಿಗಳಲ್ಲಿ ತಮಿಳಿನಲ್ಲಿ ಶುರುವಾದ ಚೌಕಾಸಿ ಕನ್ನಡಕ್ಕೆ ಹೊರಳಿ, ದಖನಿ ಉರ್ದುವಿನಲ್ಲಿ ಮುಗಿದರೂ ಯಾರಿಗೂ ಅದು ವಿಶೇಷವಲ್ಲ.

ಇಲ್ಲಿಗೆ ತಮಿಳು ಬಂದದ್ದು ಬ್ರಿಟಿಷರ ದಂಡಿನ ಜೊತೆಗೆ ಎನ್ನುವುದು ವಾಡಿಕೆ. ಅರ್ಧ ನಿಜ. 1809ರ ಹೊತ್ತಿಗೆ ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೇನೆ ಇಲ್ಲಿಗೆ ಬಂದು ಬೀಡುಬಿಟ್ಟಾಗ, ಮದ್ರಾಸ್ ಪ್ರಾಂತ್ಯದ ಸಿಪಾಯಿಗಳ ಹಿಂದೆಯೇ ಅಡುಗೆಯವರು, ದರ್ಜಿಗಳು, ಗಾರೆ ಕೆಲಸದವರು, ಗುತ್ತಿಗೆದಾರರು ಬಂದರು. ಹಾಗೆ ದಂಡಿನಲ್ಲಿ ಬೆಳೆದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ 1873ರಲ್ಲಿ ಬಡಮಕ್ಕಳಿಗಾಗಿ ಶಾಲೆ ತೆರೆದರು. ಆ ಸಂಸ್ಥೆಯ ಆಟದ ಮೈದಾನ ಇಂದಿಗೂ ಹಲಸೂರು ಕೆರೆಯ ಸಮೀಪದಲ್ಲಿದೆ.

ಉಳಿದರ್ಧ ನಿಜಕ್ಕೆ ಸೋಮೇಶ್ವರ ದೇವಸ್ಥಾನಕ್ಕೆ ಹೋಗಬೇಕು. ಅದರ ಮೂಲ ಚೋಳರ ಕಾಲದ್ದೆಂಬ ಪ್ರತೀತಿಯಿದೆ. ಈಗ ಕಾಣುವ ಗೋಪುರ, ಮಂಟಪಗಳದು ವಿಜಯನಗರ ಶೈಲಿ. ಕೈಲಾಸ ಎತ್ತುವ ರಾವಣ, ಗಿರಿಜಾ ಕಲ್ಯಾಣದ ದೃಶ್ಯಗಳ ಜೊತೆ ಇಲ್ಲಿ ನಾಯನ್ಮಾರರೂ ಶಿಲ್ಪವಾಗಿದ್ದಾರೆ. ತಮಿಳುನಾಡಿನ ಈ ಶಿವಭಕ್ತರನ್ನೇ ಕನ್ನಡದ ಶರಣರು ಅರವತ್ತಮೂವರು ಪುರಾತನರೆಂದು ನೆನೆದದ್ದು. ದಂಡು ಬರುವುದಕ್ಕಿಂತ ಎಷ್ಟೋ ಮೊದಲು ಎರಡು ಸೀಮೆಗಳ ನಂಟನ್ನು ಶಿಲ್ಪಿಗಳು ಕಲ್ಲಿನಲ್ಲಿ ಕಡೆದಿಟ್ಟಿದ್ದರು.

ಹಾಗೆಂದು ಇಲ್ಲಿ ಮನಸ್ತಾಪವೇ ಆಗಿಲ್ಲವೆಂದರೆ ಸುಳ್ಳಾಗುತ್ತದೆ. ಕೆರೆಯ ಬಳಿಯ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ 1991ರಲ್ಲೇ ಸಿದ್ಧವಾಗಿತ್ತು. ಕಾವೇರಿ ಗಲಭೆ ಹೊತ್ತಿದ ವರ್ಷ ಅದು. ವಿರೋಧ ಎದ್ದು ಅನಾವರಣ ನಿಂತಿತು. ಪ್ರತಿಮೆ 18 ವರ್ಷ ಮುಸುಕಿನೊಳಗೇ ಉಳಿಯಿತು. ಕೊನೆಗೆ 2009ರ ಆಗಸ್ಟ್ 9ರಂದು, ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಅವರ ಸಮ್ಮುಖದಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಅದನ್ನು ಅನಾವರಣ ಮಾಡಿದರು. ನಾಲ್ಕೇ ದಿನಕ್ಕೆ ಚೆನ್ನೈನ ಅಯನಾವರಂನಲ್ಲಿ ಕನ್ನಡ ಕವಿ ಸರ್ವಜ್ಞನ ಪ್ರತಿಮೆ ತಲೆಯೆತ್ತಿ ನಿಂತಿತು. ಕೊಡು-ಕೊಳ್ಳುವ ರಾಜಕೀಯವೆಂದು ಆಗ ಟೀಕೆಗಳೂ ಬಂದವು. ಇರಬಹುದು, ಆದರೆ ಈ ಓಣಿಗಳಲ್ಲಿ ಅಕ್ಕಪಕ್ಕ ಬಾಳುವವರಿಗೆ ಆ ಮುಸುಕು ಸರಿದದ್ದು ದೊಡ್ಡ ನೆಮ್ಮದಿ.

ಹಲಸೂರು ಕನ್ನಡ-ತಮಿಳಿಗಷ್ಟೇ ಸೀಮಿತವೂ ಅಲ್ಲ. ಕೆರೆಗೆ ಹತ್ತಿರದ ಕೆನ್ಸಿಂಗ್ಟನ್ ರಸ್ತೆಯ ಗುರುದ್ವಾರದಲ್ಲಿ ಲಂಗರ್‌ನ ಊಟಕ್ಕೆ ಯಾರು ಬೇಕಾದರೂ ಪಂಕ್ತಿಯಲ್ಲಿ ಕೂರಬಹುದು. ಸೋಮೇಶ್ವರನ ಉತ್ಸವದಲ್ಲಿ ಸುತ್ತಮುತ್ತಲ ಗುಡಿಗಳ ಹೂವಿನ ಪಲ್ಲಕ್ಕಿಗಳು ಬೀದಿಗಿಳಿಯುತ್ತವೆ. ಆ ರಾತ್ರಿ ಹಲಸೂರು ಮಲಗುವುದೇ ಇಲ್ಲ.

ಇಷ್ಟೆಲ್ಲ ಜನರಿಗೆ ಸೇರಿದ ಒಂದೇ ಆಸ್ತಿ ಕೆರೆ. ಸುಮಾರು 50 ಹೆಕ್ಟೇರ್ ನೀರು, ನಡುವೆ ಪುಟ್ಟ ದ್ವೀಪಗಳು, ಒಂದು ಮಗ್ಗುಲಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕ ನೆಲೆ. ಗಣೇಶನ ಹಬ್ಬದಲ್ಲಿ ಅರ್ಧ ಬೆಂಗಳೂರಿನ ಮೂರ್ತಿಗಳು ಇದರ ಪಕ್ಕದ ಕಲ್ಯಾಣಿಗೆ ಬರುತ್ತವೆ. ಇದೇ ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೊಳಚೆ ಸೇರಿದ ನೀರಿನಲ್ಲಿ ಆಮ್ಲಜನಕ ಕುಸಿದರೆ ಆಗುವುದೇ ಹೀಗೆ.

ಅಂದಿನಿಂದ ಹೂಳು, ಕಳೆ ತೆಗೆಯುವ ಮಾತು ಪ್ರತಿ ಬೇಸಿಗೆಯಲ್ಲೂ ಕೇಳುತ್ತದೆ. ಅದು ಬೇಕಾದ ಕೆಲಸವೇ. ಆದರೆ ಕೆರೆಗೆ ಬರುವ ಮಳೆನೀರ ಕಾಲುವೆಗಳಿಗೆ ಮೇಲಿನ ಬಡಾವಣೆಗಳ ಒಳಚರಂಡಿ ಸೇರುವುದನ್ನು ತಡೆಯದಿದ್ದರೆ, ತೆಗೆದಷ್ಟೇ ಕೊಳೆ ಮತ್ತೆ ಬಂದು ತುಂಬುತ್ತದೆ. ಖರ್ಚು ಮಾಡುವುದಿದ್ದರೆ ಮೊದಲ ರೂಪಾಯಿ ಅಲ್ಲಿಗೆ ಹೋಗಬೇಕು. ದಂಡೆಯ ಬಣ್ಣದ ದೀಪಗಳಿಗೆ ಆಮೇಲೆ.