ನಾಲ್ಕು ಬದಿ ಅಳೆದರೆ ಹೊಲ ಅಳೆದಂತಾಯಿತೆ?

ನಾಲ್ಕು ಬದಿಯೂ ನೂರು ನೂರು ಅಡಿ ಇರುವ ಜಾಗದ ವಿಸ್ತೀರ್ಣ ಎಷ್ಟು? ಹತ್ತು ಸಾವಿರ ಚದರ ಅಡಿ ಎಂದು ಏಳನೆಯ ತರಗತಿಯ ಹುಡುಗ ಥಟ್ಟನೆ ಹೇಳುತ್ತಾನೆ. ಜಮೀನು ಕೊಳ್ಳಲು ಹೊರಟ ಅವನ ತಂದೆಯೂ ಬಹುಶಃ ಅದೇ ಲೆಕ್ಕ ಹಾಕುತ್ತಾರೆ. ಆದರೆ ಜಾಗ ತುಸು ವಾಲಿಕೊಂಡು, ಒಂದು ಕರ್ಣ 160 ಅಡಿ, ಇನ್ನೊಂದು 120 ಅಡಿ ಬಂದರೆ ನಿಜವಾದ ವಿಸ್ತೀರ್ಣ 9,600 ಚದರ ಅಡಿ ಮಾತ್ರ. ಕಾಣೆಯಾದ 400 ಚದರ ಅಡಿ ಎಂದರೆ ಮೂವತ್ತು-ನಲವತ್ತರ ಸೈಟಿನ ಮೂರನೆಯ ಒಂದು ಪಾಲು!

ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುವ ರೂಢಿ ಹಲವರಲ್ಲಿದೆ. ಜಾಗ ಆಯತವಾಗಿದ್ದರೆ ಈ ಲೆಕ್ಕ ಸರಿ. ಇಲ್ಲವಾದರೆ ಅದು ಪ್ರತಿ ಸಲವೂ ಹೆಚ್ಚೇ ತೋರಿಸುತ್ತದೆ, ಕಡಿಮೆ ತೋರಿಸುವುದೇ ಇಲ್ಲ. ಲಾಭ ಯಾರಿಗೆಂದು ಬೇರೆ ಹೇಳಬೇಕಿಲ್ಲ.

ಇದಕ್ಕೆ ಕಾರಣ ತಿಳಿಯಲು ನಾಲ್ಕು ಮರದ ಪಟ್ಟಿಗಳನ್ನು ಮೂಲೆಗೊಂದು ಮೊಳೆ ಹೊಡೆದು ಜೋಡಿಸಿ. ಒತ್ತಿದರೆ ಚೌಕಟ್ಟು ವಾಲುತ್ತದೆ. ಮೂರು ಪಟ್ಟಿಗಳ ಚೌಕಟ್ಟು ಅಲುಗುವುದಿಲ್ಲ. ಬದಿಗಳ ಅಳತೆಯಷ್ಟರಿಂದಲೇ ಆಕಾರ ನಿಶ್ಚಯವಾಗುವುದು ತ್ರಿಕೋನಕ್ಕೆ ಮಾತ್ರ. ಆದ್ದರಿಂದಲೇ ಭೂಮಾಪಕರು ಎಂಥ ಸೊಟ್ಟ ಹೊಲವನ್ನಾದರೂ ಮೊದಲು ತ್ರಿಕೋನಗಳಾಗಿ ಒಡೆಯುತ್ತಾರೆ.

ಹೊಲದ ಉದ್ದನೆಯ ಕರ್ಣವೇ ಆಧಾರರೇಖೆ. ಅದರ ಮೇಲೆ ಸರಪಳಿ ಹಾಸಿ, ಪ್ರತಿ ಮೂಲೆಗೂ ಲಂಬ ಎಳೆದು ಅಳೆಯುತ್ತಾರೆ. ಆಧಾರ ಮತ್ತು ಲಂಬವನ್ನು ಗುಣಿಸಿ ಅರ್ಧ ಮಾಡಿದರೆ ಒಂದು ತ್ರಿಕೋನದ ಲೆಕ್ಕ ಮುಗಿಯಿತು. ಲಂಬ ಹಿಡಿಯಲು ಉಪಕರಣವಿಲ್ಲವೆ? ಹಗ್ಗದಲ್ಲಿ 3, 4, 5 ಅಡಿಗಳ ತ್ರಿಕೋನ ಮಾಡಿದರೆ ಸಾಕು. ನಮ್ಮ ಸರಪಳಿ 33 ಅಡಿಯದು, 16 ಆಣೆಗಳಾಗಿ ಭಾಗವಾಗಿರುವಂಥದು. ಒಂದು ಚದರ ಸರಪಳಿಯೇ ಒಂದು ಗುಂಟೆ, ಅಂದರೆ 1,089 ಚದರ ಅಡಿ. ನಲವತ್ತು ಗುಂಟೆಗೆ ಎಕರೆ. ಇಳಿಜಾರಿನಲ್ಲಿ ಸರಪಳಿಯನ್ನು ನೆಲಕ್ಕೆ ಅಂಟಿಸದೆ, ಮೆಟ್ಟಿಲು ಮೆಟ್ಟಿಲಾಗಿ ಸಮತಲದಲ್ಲಿ ಹಿಡಿಯಬೇಕು. ನಕ್ಷೆಯಲ್ಲಿ ಬರುವುದು ಸಮತಲದ ಅಳತೆ.

ಎಲ್ಲಕ್ಕಿಂತ ಮುಖ್ಯವಾದದ್ದು ತಾಳೆ. ಲೆಕ್ಕದಲ್ಲಿ ಬಳಸದ ಒಂದು ರೇಖೆಯನ್ನು ಹೊಲದಲ್ಲೂ ನಕ್ಷೆಯಲ್ಲೂ ಅಳೆದು ನೋಡಬೇಕು. ಮೇಲಿನ ಉದಾಹರಣೆಯಲ್ಲಿ 160 ಅಡಿಯ ಕರ್ಣ ಆಧಾರವಾದರೆ, 120 ಅಡಿಯದು ತಾಳೆಯ ರೇಖೆ. ಅದು ಹೊಂದದಿದ್ದರೆ ಮತ್ತೆ ಅಳೆಯಬೇಕು, ಅಷ್ಟೆ.

ಇದೇ ಉಪಾಯದಿಂದ ಇಡೀ ದೇಶವನ್ನೇ ಅಳೆದರು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳು ಮೈಲಿಗೂ ಮಿಕ್ಕಿದ ಆಧಾರರೇಖೆಯನ್ನು ಅಳೆಸಿದ. ಅಲ್ಲಿಂದಾಚೆಗೆ ಸರಪಳಿ ಎಳೆಯಲಿಲ್ಲ. ಥಿಯೊಡೊಲೈಟಿನಿಂದ ಕೋನಗಳನ್ನಷ್ಟೇ ನೋಡುತ್ತ ತ್ರಿಕೋನಕ್ಕೆ ತ್ರಿಕೋನ ಹೆಣೆದು ಬೆಂಗಳೂರು ಮುಟ್ಟಿದ. 1804ರಲ್ಲಿ ಇಲ್ಲಿ ಇನ್ನೊಂದು ರೇಖೆಯನ್ನು ನೆಲದ ಮೇಲೆಯೇ ಅಳೆದು ನೋಡಿದಾಗ, ಲೆಕ್ಕಕ್ಕೂ ಅಳತೆಗೂ ಏಳು ಮೈಲಿಯಲ್ಲಿ ಬಂದ ಅಂತರ ನಾಲ್ಕು ಅಂಗುಲಕ್ಕಿಂತ ಕಡಿಮೆ!

ಈಗ ಡ್ರೋನ್, ಉಪಗ್ರಹದ ಸಂಕೇತ ಹಿಡಿಯುವ ರೋವರ್ ಬಂದಿವೆ. ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಬಾಂದುಕಲ್ಲು ಎಲ್ಲಿತ್ತೆಂಬುದನ್ನು ಯಂತ್ರ ತಾನಾಗಿ ಹೇಳದು. ಹಳೆಯ ದಾಖಲೆಯ ಅಳತೆಗಳನ್ನು ತೆಗೆದು ನೋಡಲೇಬೇಕು. ಗಡಿಯ ಬಗ್ಗೆ ಸಂಶಯವಿದ್ದರೆ ಭೂಮಾಪನ ಇಲಾಖೆಗೆ ಹದ್ದುಬಸ್ತಿಗಾಗಿ ಅರ್ಜಿ ಕೊಡಬಹುದು. ಅಕ್ಕಪಕ್ಕದ ಹಿಡುವಳಿದಾರರಿಗೂ ನೋಟಿಸು ಹೋಗುತ್ತದೆ. ಅಳೆಯುವ ದಿನ ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ, ಕರ್ಣ ಯಾವುದೆಂದು ಅವರೇ ತೋರಿಸಲಿ.