ಬೊಂಬೆಯನ್ನು ನಂಬಿ ಬಂದ ಹಕ್ಕಿ

ಗದ್ದೆಯ ನಡುವೆ ಬೆದರುಬೊಂಬೆಯನ್ನು ನಿಲ್ಲಿಸಿ ಹಕ್ಕಿಗಳನ್ನು ಓಡಿಸುವುದು ನಮ್ಮ ರೈತರೆಲ್ಲ ಬಲ್ಲ ವಿದ್ಯೆ. ಅಮೆರಿಕೆಯ ಮೇನ್ ಪ್ರಾಂತ್ಯದ ಕಡಲಿನಲ್ಲಿರುವ ಈಸ್ಟರ್ನ್ ಎಗ್ ರಾಕ್ ಎಂಬ ಏಳೇ ಎಕರೆಯ ಬಂಡೆದ್ವೀಪದಲ್ಲಿ ಬೊಂಬೆಗಳನ್ನು ನಿಲ್ಲಿಸಿದುದು ಹಕ್ಕಿಗಳನ್ನು ಕರೆಯಲಿಕ್ಕೆ!

ಪಫಿನ್ ಎಂಬುದು ಪಾರಿವಾಳದಷ್ಟು ಗಾತ್ರದ ಕಡಲಹಕ್ಕಿ. ಕಪ್ಪು ಬೆನ್ನು, ಬಿಳಿಯ ಎದೆ, ಬಣ್ಣ ಬಳಿದಂಥ ದಪ್ಪ ಕೊಕ್ಕು. ನೋಡಿದವರಿಗೆ ಯಕ್ಷಗಾನದ ಹಾಸ್ಯಗಾರನ ನೆನಪು ಬಾರದಿರದು. ವರ್ಷಕ್ಕೆ ಒಂದೇ ಮೊಟ್ಟೆ. ಮಾಂಸಕ್ಕಾಗಿಯೂ ಗರಿಗಳಿಗಾಗಿಯೂ ನಡೆದ ಬೇಟೆಯಿಂದ 1880ರ ದಶಕದಲ್ಲಿಯೇ ಈ ದ್ವೀಪದ ಪಫಿನ್ ವಂಶ ನಿರ್ನಾಮವಾಗಿತ್ತು.

1973ರಲ್ಲಿ ಸ್ಟೀಫನ್ ಕ್ರೆಸ್ ಎಂಬ ತರುಣ ಪಕ್ಷಿತಜ್ಞರು ಕೆನಡಾದ ನ್ಯೂಫೌಂಡ್‌ಲೆಂಡಿನಿಂದ ಮರಿಗಳನ್ನು ತಂದು, ಹುಲ್ಲುಹೆಂಟೆಗಳಿಂದ ಬಿಲಗಳನ್ನು ಕಟ್ಟಿ, ಸಂಗಡಿಗರೊಡನೆ ಕೈಯಾರೆ ಮೀನು ಉಣಿಸತೊಡಗಿದರು. 1986ರವರೆಗೆ ಹೀಗೆ ತಂದ ಮರಿಗಳು 954. ಕಾಲಿಗೆ ಉಂಗುರ ತೊಟ್ಟ ಮರಿ ಒಂದು ರಾತ್ರಿ ಒಂಟಿಯಾಗಿ ಕಡಲಿಗಿಳಿದರೆ ಎರಡು ಮೂರು ವರ್ಷ ನೆಲ ಮೆಟ್ಟುವುದಿಲ್ಲ. ಮರಳಿ ಬರುವುದೋ ಇಲ್ಲವೋ, ಯಾರು ಬಲ್ಲರು? ಗುಂಪನ್ನು ಕಂಡರೆ ಮಾತ್ರ ಧೈರ್ಯದಿಂದ ಇಳಿಯುವ ಹಕ್ಕಿಯಾದುದರಿಂದ ಬಂಡೆಗಳ ಮೇಲೆ ಮರದ ಪಫಿನ್‌ಗಳನ್ನು ನಿಲ್ಲಿಸಿದರು. 1977ರಲ್ಲಿ ಮೊದಲ ಹಕ್ಕಿ ಬಂದಿತು. 1981ರ ಜುಲೈ 4ರಂದು ಒಂದು ಪಫಿನ್ ಕೊಕ್ಕಿನ ತುಂಬ ಮೀನು ಕಚ್ಚಿಕೊಂಡು ಬಂಡೆಯ ಸಂದಿಗೆ ನುಗ್ಗಿತು. ಒಳಗೆ ಮರಿಯಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಇಂದು ಅಲ್ಲಿ ನೂರಕ್ಕೂ ಮಿಕ್ಕಿ ಜೋಡಿಗಳು ಮರಿಮಾಡುತ್ತವೆ.

ಆದರೆ ಕಾವಲು ಮುಗಿದಿಲ್ಲ. ಮನುಷ್ಯರು ಅತ್ತ ತೊಲಗಿದರೆ, ಮೊಟ್ಟೆಮರಿಗಳನ್ನು ಕದಿಯುವ ಗಲ್ ಹಕ್ಕಿಗಳು ಇತ್ತ ದ್ವೀಪವನ್ನು ಆಕ್ರಮಿಸುತ್ತವೆ. ಆದುದರಿಂದ ಪ್ರತಿ ಬೇಸಿಗೆಯಲ್ಲಿ ವಿದ್ಯಾರ್ಥಿಗಳೂ ಸ್ವಯಂಸೇವಕರೂ ಡೇರೆ ಹಾಕಿಕೊಂಡು ಅಲ್ಲಿ ತಂಗುತ್ತಾರೆ. ಹಲಗೆಯ ಮರೆಯಲ್ಲಿ ಗಂಟೆಗಟ್ಟಲೆ ಕುಳಿತು, ಯಾವ ಉಂಗುರದ ಹಕ್ಕಿ ಯಾವ ಮೀನನ್ನು ತಂದಿತೆಂದು ಬರೆದಿಡುತ್ತಾರೆ. ಬೇಸರದ ಕೆಲಸವೆಂದು ವಾಚಕರಿಗೆ ತೋರೀತು. ಆದರೆ ಕಡಲು ವಿಪರೀತ ಬಿಸಿಯಾದ 2012ರಲ್ಲಿ ಮೇನ್ ಕೊಲ್ಲಿಯ ದ್ವೀಪಗಳಲ್ಲಿ ಸಂಭವಿಸಿದ ಅನರ್ಥ ಹೊರಬಿದ್ದುದು ಇಂಥ ಕಾವಲಿನಿಂದಲೇ. ಮರಿಗಳಿಗೆ ಒಗ್ಗಿದ ಹೆರಿಂಗ್ ಮೊದಲಾದ ನೀಳ ಮೀನುಗಳು ವಿರಳವಾದುವು. ತಾಯ್ತಂದೆಗಳು ದಕ್ಷಿಣದ ಬೆಚ್ಚನೆಯ ನೀರಿನೊಡನೆ ಬಂದ ಬಟರ್‌ಫಿಷ್ ಎಂಬ ಅಗಲವಾದ ಮೀನನ್ನು ಹಿಡಿದು ತಂದುವು. ಮರಿಯ ಗಂಟಲಿನಲ್ಲಿ ಅದು ಇಳಿಯಲೊಲ್ಲದು. ಎದುರಿಗೆ ತಿನ್ನದೆ ಉಳಿದ ಮೀನಿನ ರಾಶಿ, ಪಕ್ಕದಲ್ಲಿ ಹಸಿವಿನಿಂದ ಸತ್ತ ಮರಿ!

ಈ ಕೊಲ್ಲಿಯ ನೀರು ಜಗತ್ತಿನ ಬಹುಪಾಲು ಕಡಲುಗಳಿಗಿಂತ ಬೇಗ ಬಿಸಿಯಾಗುತ್ತಿದೆ. ಒಗ್ಗುವ ಮೀನು ದೊರೆತ ವರ್ಷ ಮರಿಗಳು ಕೊಬ್ಬಿ ಬೆಳೆಯುತ್ತವೆ, ದೊರೆಯದ ವರ್ಷ ಸೊರಗುತ್ತವೆ. ಮರೆಯಲ್ಲಿ ಕುಳಿತ ತರುಣರು ಮೀನಿನ ಜಾತಿಯನ್ನು ಬರೆದುಕೊಳ್ಳುವುದರೊಂದಿಗೆ, ಹಕ್ಕಿಯ ಕೊಕ್ಕಿಗೆ ಹೋಲಿಸಿ ಅದರ ಗಾತ್ರವನ್ನೂ ಅಂದಾಜು ಮಾಡುತ್ತಾರೆ.