ರಿಪೋರ್ಟ್ ಎಲ್ಲ ನಾರ್ಮಲ್, ಹೊಟ್ಟೆ ಮಾತ್ರ ಅಲ್ಲ

2 ವರ್ಷದ ಹಿಂದೆ ತಂಗಿಯ ನಿಶ್ಚಿತಾರ್ಥ. ಸಕಲೇಶಪುರದಲ್ಲಿ ಹುಡುಗನ ಮನೆ. ಬೆಂಗಳೂರಿನಿಂದ ಬೆಳಗ್ಗೆ ಐದೂವರೆಗೆ ಟಿಟಿ ಹೊರಡೋದು ಅಂತ ಮಾತಾಗಿತ್ತು. 4 ಗಂಟೆಗೆ ಎದ್ದವನು ಅಷ್ಟರೊಳಗೆ 4 ಸಲ ಟಾಯ್ಲೆಟ್‌ಗೆ ಹೋಗಿ ಬಂದಿದ್ದೆ. ನೆಲಮಂಗಲ ದಾಟಿದ ಮೇಲೆ ಮತ್ತೆ ಬಂದರೆ? ಅಷ್ಟೂ ಜನ ನೆಂಟರ ಎದುರು ಗಾಡಿ ನಿಲ್ಲಿಸಿ ಅನ್ನೋದು ಹೇಗೆ? "ಆಫೀಸಲ್ಲಿ ಪ್ರೊಡಕ್ಷನ್ ಇಶ್ಯೂ ಆಗಿದೆ, ನೀವು ಹೊರಡಿ" ಅಂದುಬಿಟ್ಟೆ.

ತಂಗಿ ಎರಡು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಭೇದಿ ಅಂತ ಹೇಳೋಕೆ ನಾಚಿಕೆ, ಅದಕ್ಕೇ ಕೆಲಸದ ನೆಪ.

ಒಂದು ದಿನ ಭೇದಿ, ಮೂರು ದಿನ ಮಲಬದ್ಧತೆ

ನನ್ನ ಕಥೆ ವಿಚಿತ್ರವಾಗಿತ್ತು. ಸೋಮವಾರ ಸ್ಟ್ಯಾಂಡಪ್ ಮೀಟಿಂಗ್‌ಗೆ ಮೊದಲೇ ಮೂರು ಸಲ ಓಟ. ಬುಧವಾರದಿಂದ ಏನೂ ಇಲ್ಲ, ಹೊಟ್ಟೆ ಕಲ್ಲಿನ ಹಾಗೆ. ಹೋಗಿ ಬಂದ ಮೇಲೂ ಇನ್ನೂ ಉಳಿದಿದೆ ಅನ್ನೋ ಭಾವನೆ. ಅಮ್ಮ ಮಜ್ಜಿಗೆಗೆ ಮೆಂತ್ಯ ಹಾಕಿ ಕೊಟ್ಟರು, ದೃಷ್ಟಿಯನ್ನೂ ತೆಗೆದರು. ನಾನು ಗೂಗಲ್ ಮಾಡಿ ಕ್ಯಾನ್ಸರ್ ಅಂತ ತೀರ್ಮಾನಿಸಿ ಒಂದು ವಾರ ನಿದ್ದೆ ಕೆಟ್ಟೆ.

ಕೊನೆಗೆ ಡಾಕ್ಟರ ಹತ್ತಿರ ಹೋದೆ. ರಕ್ತ, ಮಲ ಎಲ್ಲ ಪರೀಕ್ಷೆ ಆಯ್ತು. ಎಲ್ಲವೂ ನಾರ್ಮಲ್. ನಿಜ ಹೇಳಬೇಕಂದ್ರೆ ಬೇಜಾರಾಯ್ತು. ಹಾಗಾದ್ರೆ ನೋವು ಬರೀ ನನ್ನ ಕಲ್ಪನೆಯಾ?

"ಕಲ್ಪನೆ ಅಲ್ಲಪ್ಪ, ಇದು ಐಬಿಎಸ್" ಅಂದರು ಡಾಕ್ಟರ್. ಕರುಳಲ್ಲಿ ಹುಣ್ಣು, ಗಡ್ಡೆ ಏನೂ ಇರಲ್ಲ, ಅದು ಕೆಲಸ ಮಾಡೋ ರೀತಿ ಏರುಪೇರಾಗಿರುತ್ತೆ. ಕರುಳು ಬೇಗ ತಳ್ಳಿದರೆ ನೀರು ಹೀರಿಕೊಳ್ಳೋಕೆ ಸಮಯ ಸಿಗಲ್ಲ, ಭೇದಿ. ನಿಧಾನವಾದರೆ ನೀರೆಲ್ಲ ಹೀರಿ ಮಲ ಗಟ್ಟಿ. ಜೊತೆಗೆ ಅಲ್ಲಿನ ನರಗಳು ಬಹಳ ಸೂಕ್ಷ್ಮ. ಬೇರೆಯವರಿಗೆ ಗೊತ್ತೇ ಆಗದ ಗ್ಯಾಸ್ ನಮಗೆ ನೋವು. ಮೂರು ತಿಂಗಳಿಂದ ವಾರಕ್ಕೊಂದು ದಿನವಾದರೂ ಹೊಟ್ಟೆನೋವು, ಅದರ ಜೊತೆ ಮಲದ ರೂಪ ಅಥವಾ ಎಷ್ಟು ಸಲ ಅನ್ನೋದು ಬದಲಾಗಿದ್ದರೆ, ತೊಂದರೆ ಶುರುವಾಗಿ ಆರು ತಿಂಗಳಾದರೂ ಆಗಿದ್ದರೆ, ವೈದ್ಯರು ಇದನ್ನು ಯೋಚಿಸುತ್ತಾರೆ.

ಡೈರಿ ಹೇಳಿದ ಸತ್ಯ

ಡಾಕ್ಟರ್ ಒಂದು ಚಿತ್ರ ತೋರಿಸಿದರು, ಬ್ರಿಸ್ಟಲ್ ಚಾರ್ಟ್. 1 ಅಂದರೆ ಆಡಿನ ಹಿಕ್ಕೆಯಂಥ ಗಟ್ಟಿ ಉಂಡೆ, 7 ಅಂದರೆ ಬರೀ ನೀರು, 3-4 ಸರಿಯಾದದ್ದು. "ದಿನಾ ನಂಬರ್ ಬರೆದಿಡಿ. ಊಟ, ನಿದ್ದೆ, ಟೆನ್ಷನ್, ಮಾತ್ರೆ ಎಲ್ಲ ಬರೀರಿ" ಅಂದರು. ಲಾಗ್ ನೋಡೋದೇ ನಮ್ಮ ಕೆಲಸ ತಾನೇ? ಆರು ವಾರ ಶೀಟ್‌ನಲ್ಲಿ ತುಂಬಿಸಿದೆ.

ನೋಡಿದರೆ ಅರ್ಧ ಏರುಪೇರು ನಾನೇ ಮಾಡಿಕೊಂಡಿದ್ದು! ಭಯಕ್ಕೆ ಹೊರಡೋ ಮೊದಲೇ ಭೇದಿ ನಿಲ್ಲಿಸೋ ಮಾತ್ರೆ ನುಂಗ್ತಿದ್ದೆ. ಅದರಿಂದ ಮೂರು ದಿನ ಬಂದ್. ಅದಕ್ಕೆ ರಾತ್ರಿ ಚೂರ್ಣ. ಮರುದಿನ 7ನೇ ನಂಬರ್. ಮತ್ತೆ ಮಾತ್ರೆ. ಮೇಲಿಂದ ಖಾಲಿ ಹೊಟ್ಟೆಗೆ ಎರಡು ಲೋಟ ಕಾಫಿ. ರಿಲೀಸ್ ಇರೋ ವಾರ ನಿದ್ದೆ ಐದು ಗಂಟೆ, ಆ ವಾರವೇ ಹೊಟ್ಟೆಯೂ ಅತಿ ಕೆಟ್ಟದ್ದು. ಲೈಟ್ ಅಂತ ತಿನ್ನುತ್ತಿದ್ದ ಚಪಾತಿ, ಈರುಳ್ಳಿ ಗ್ರೇವಿಗಿಂತ ಅನ್ನ-ತಿಳಿಸಾರೇ ನನಗೆ ಹಿತ.

ಡಾಕ್ಟರ್ ಹೇಳಿದಂತೆ ಚೂರ್ಣ ಬಿಟ್ಟೆ, ಮಾತ್ರೆ ತೀರಾ ಬೇಕಾದಾಗ ಮಾತ್ರ. ಇಸಬ್ಗೋಲ್ ಸ್ವಲ್ಪದಿಂದ ಶುರು ಮಾಡಿ, ಸಾಕಷ್ಟು ನೀರಿನ ಜೊತೆ. ಅದು ನೀರು ಹಿಡಿದಿಟ್ಟುಕೊಳ್ಳೋದರಿಂದ ಗಟ್ಟಿಯಾದದ್ದನ್ನು ಮೆದು ಮಾಡುತ್ತೆ, ನೀರಾದದ್ದಕ್ಕೆ ಒಂದು ರೂಪ ಕೊಡುತ್ತೆ. ತಿಂಡಿ ಆದ ಮೇಲೆ ಒಂದೇ ಲೋಟ ಕಾಫಿ, ದಿನಾ ಅದೇ ಹೊತ್ತಿಗೆ ಟಾಯ್ಲೆಟ್. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು ಇವನ್ನೆಲ್ಲ ಕೆಲವು ವಾರ ಬಿಟ್ಟು ಒಂದೊಂದಾಗಿ ವಾಪಸ್ ತರುವ 'ಲೋ ಫಾಡ್‌ಮ್ಯಾಪ್' ಪಥ್ಯವಿದೆ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ್ದು. ಅದನ್ನು ಡಯೆಟಿಷಿಯನ್ ಜೊತೆಗೇ ಮಾಡಬೇಕು. ಇಲ್ಲದಿದ್ದರೆ ಎಲ್ಲ ಬಿಟ್ಟು ಸೊರಗೋದಷ್ಟೇ.

ಇವು ಕಂಡರೆ ಕಾಯಬೇಡಿ

ಎಲ್ಲ ಬದಲಾವಣೆಯೂ ಐಬಿಎಸ್ ಅಲ್ಲ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯೋದು, ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ರಕ್ತಹೀನತೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದದ್ದು, 50 ದಾಟಿದ ಮೇಲೆ ಮೊದಲ ಸಲ ಶುರುವಾದದ್ದು – ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಡಾಕ್ಟರಿಗೆ ತೋರಿಸಿ. "ನಂಗೂ ಅದೇ ಇರಬೇಕು" ಅಂತ ನನ್ನ ಲೇಖನ ಓದಿ ಸುಮ್ಮನಾಗಬೇಡಿ.

ಬೀಗರ ಊಟದ ದಿನ

ನನಗೆ ಪೂರ್ತಿ ವಾಸಿಯಾಗಿಲ್ಲ. ಕೆಟ್ಟ ದಿನಗಳು ಈಗಲೂ ಬರುತ್ತವೆ. ಮದುವೆ ಮುಗಿದು ಬೀಗರ ಊಟಕ್ಕೆ ಸಕಲೇಶಪುರಕ್ಕೆ ಹೊರಡೋ ಹಿಂದಿನ ರಾತ್ರಿ ತಂಗಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ನಿಶ್ಚಿತಾರ್ಥದ ಸುಳ್ಳನ್ನೂ ಸೇರಿಸಿ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಯ್ಯೋ ಅಣ್ಣಾ, ಇಷ್ಟೇನಾ? ನಿಂಗೆ ನಾನು ಬೇಡವಾದೆ ಅಂದ್ಕೊಂಡಿದ್ದೆ" ಅಂದಳು.

ಬೆಳಗ್ಗೆ ಡ್ರೈವರಣ್ಣನಿಗೆ ನಾನೇ ಹೇಳಿದೆ, "ಅಣ್ಣಾ, ಹೊಟ್ಟೆ ಸರಿಯಿಲ್ಲ. ಕೇಳಿದ ಕಡೆ ನಿಲ್ಲಿಸಬೇಕು." "ನಿಲ್ಲಿಸೋಣ ಬಿಡಿ ಸಾರ್" ಅಂದರು. ಕುಣಿಗಲ್ ಹತ್ತಿರ ಒಂದು ಹೋಟೆಲ್‌ನಲ್ಲಿ ಒಮ್ಮೆ ನಿಲ್ಲಿಸಿದ್ದು. ಅದೂ ನಾನಲ್ಲ, ಚಿಕ್ಕಪ್ಪ ಕೇಳಿದ್ದು.